ಪ್ರೊಜೆಕ್ಟರಿನ ಮೂಗು ಮತ್ತು ನನ್ನ ನಾಲಿಗೆ

ನಾನು ಸಿನಿಮಾ ಲೈನಿನಲ್ಲಿದ್ದವನು ಎಂದು ಹೇಳಿದರೆ ಸಾಕು, ಎದುರಿಗೆ ಕೂತವರು ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಯಾವ ಯಾವ ನಟಿಯರನ್ನು ಹತ್ತಿರದಿಂದ ನೋಡಿದ್ದೀರಿ, ಅವರು ನಿಜಕ್ಕೂ ಅಷ್ಟು ಬೆಳ್ಳಗಿದ್ದಾರೆಯೇ, ಹೀರೋ ತಲೆಯ ಮೇಲಿರುವುದು ಸ್ವಂತ ಕೂದಲೇ ಎಂದು ಪ್ರಶ್ನೆಗಳ ಸುರಿಮಳೆ ಶುರುವಾಗುತ್ತದೆ. ನಾನು ಸಿನಿಮಾದಲ್ಲಿ ನೋಡಿದ್ದು ಧೂಳು ಮಾತ್ರ ಎಂದರೆ ಅವರು ಅದನ್ನು ವೇದಾಂತವೆಂದು ತಿಳಿದು ತಲೆದೂಗುತ್ತಾರೆ. ವೇದಾಂತವಲ್ಲ ಸ್ವಾಮಿ, ನಿಜವಾದ ಧೂಳು, ಕೈಗೆ ಹತ್ತುವ ಧೂಳು, ಮೂಗಿಗೆ ಹೋದರೆ ಸೀನು ಬರುವ ಧೂಳು ಎಂದು ಬಿಡಿಸಿ ಹೇಳಿದ ಮೇಲೆ ಕುರ್ಚಿ ಮತ್ತೆ ಹಿಂದಕ್ಕೆ ಸರಿಯುತ್ತದೆ. ಮನುಷ್ಯರ ಕುತೂಹಲ ಇಷ್ಟೇ. ಪರದೆಯ ಮೇಲೆ ಕುಣಿಯುವವಳ ಬಗ್ಗೆ ಊರಿಗೆಲ್ಲ ಅಕ್ಕರೆ, ಅವಳು ಪರದೆಯ ಮೇಲೆ ಸುಟ್ಟುಹೋಗದಂತೆ ನೋಡಿಕೊಂಡವನಿಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಪ್ರೊಜೆಕ್ಟರುಗಳನ್ನು ಮಾರುವ ಒಂದು ಕಂಪನಿಯ ತುಮಕೂರು ಶಾಖೆಯಲ್ಲಿ ನಾನು ಸರ್ವಿಸ್ ಮೆಕ್ಯಾನಿಕ್ ಆಗಿದ್ದೆ. ಶಾಖೆ ಎಂದರೆ ಹೂವಿನ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ, ಒಂದು ಮೇಜು, ನಾನು. ತುಮಕೂರಿನ ಚಿತ್ರಮಂದಿರಗಳು, ಗುಬ್ಬಿಯ ಟಾಕೀಸು, ಕುಣಿಗಲ್ಲಿನ ಕೆರೆ ದಿಕ್ಕಿಗೆ ಎದ್ದುನಿಂತಿದ್ದ ಟೂರಿಂಗ್ ಟಾಕೀಸಿನ ಡೇರೆ, ಇವೆಲ್ಲ ನನ್ನ ಸುಪರ್ದಿಗೆ ಸೇರಿದ್ದವು. ಕೆಲಸ ಏನೆಂದು ಓದುಗರಿಗೆ ಬೇಸರವಾಗದಂತೆ ಹೇಳಿಬಿಡುತ್ತೇನೆ. ಆಗಿನ ಪ್ರೊಜೆಕ್ಟರಿನೊಳಗೆ ಎರಡು ಇದ್ದಿಲು ಕಡ್ಡಿಗಳ ನಡುವೆ ಕಣ್ಣು ಕೋರೈಸುವ ದೀಪ ಉರಿಯುತ್ತಿತ್ತು. ಅದರ ಬೆಳಕು ಬೀಳುವ ಕಿಂಡಿಯ ಮುಂದೆ ಫಿಲ್ಮು ಓಡುತ್ತಿತ್ತು. ಬೆಳಕಿನ ಜೊತೆಗೆ ಬರುವ ಬಿಸಿ ಫಿಲ್ಮಿಗೆ ತಗಲಿದರೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ, ಚಿತ್ರ ಮಸುಕಾಗುತ್ತದೆ, ಹೆಚ್ಚಾದರೆ ಫಿಲ್ಮೇ ಸೀದುಹೋಗುತ್ತದೆ. ಅದಕ್ಕಾಗಿ ಒಂದು ಬ್ಲೋವರ್ ಇಟ್ಟು ಕಿಂಡಿಗೆ ತಣ್ಣನೆಯ ಗಾಳಿ ಊದಿಸುತ್ತಿದ್ದರು. ಆ ಬ್ಲೋವರು ಗಾಳಿ ಎಳೆದುಕೊಳ್ಳುವ ಬಾಯಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಚೌಕ ಜಾಲರಿ. ಏರ್ ಫಿಲ್ಟರ್ ಎಂದು ಅದರ ಹೆಸರು. ಅದನ್ನು ವಾರಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಧೂಳು ಅಂಟಿಕೊಳ್ಳಲಿ ಎಂದು ತೆಳುವಾಗಿ ಎಣ್ಣೆ ಸವರಿ ಮತ್ತೆ ಕೂರಿಸಬೇಕು. ಇಷ್ಟೇ. ಹಲ್ಲುಜ್ಜುವುದಕ್ಕಿಂತ ಸುಲಭ. ನನ್ನ ಹದಿನೈದು ವರ್ಷದ ಸರ್ವಿಸಿನಲ್ಲಿ ಇಷ್ಟನ್ನು ನೆಟ್ಟಗೆ ಮಾಡಿದ ಆಪರೇಟರುಗಳನ್ನು ಎಣಿಸಲು ಒಂದು ಕೈಯ ಬೆರಳುಗಳೂ ಹೆಚ್ಚು.

ಜಾಲರಿ ನೋಡಿಯೇ ಅದು ಯಾವ ಊರಿನದು ಎಂದು ಹೇಳಬಲ್ಲವನಾಗಿದ್ದೆ. ತುಮಕೂರಿನ ಜಾಲರಿಯಲ್ಲಿ ಬೀಡಿ ಹೊಗೆಯ ಕಂದು ಜಿಡ್ಡು. ಮುಂದಿನ ಬೆಂಚಿನವರು ಹೀರೋ ಗೆದ್ದರೂ ಒಂದು ಬೀಡಿ, ಸೋತರೂ ಒಂದು ಬೀಡಿ ಹಚ್ಚುತ್ತಿದ್ದರು. ಕುಣಿಗಲ್ಲಿನದರಲ್ಲಿ ಕೆಮ್ಮಣ್ಣು, ಅದರೊಳಗೆ ಅಲ್ಲೊಂದು ಇಲ್ಲೊಂದು ಹುಲ್ಲೆಸಳು. ಗುಬ್ಬಿಯದರಲ್ಲಿ ತೆಂಗಿನ ನಾರಿನ ಹುಡಿ. ಇವನ್ನೆಲ್ಲ ಕಂಪನಿಯ ಬೆಂಗಳೂರಿನ ಎಂಜಿನಿಯರಿಗೆ ವರದಿ ಮಾಡಿದ್ದೆ. ಆತ ಜನ್ಮದಲ್ಲಿ ಒಂದು ಡೇರೆಯೊಳಗೆ ಕಾಲಿಟ್ಟವನಲ್ಲ. ಧೂಳಿನ ಪ್ರದೇಶಗಳಲ್ಲಿ ಯಂತ್ರವನ್ನು ಧೂಳಿನಿಂದ ದೂರ ಇಡತಕ್ಕದ್ದು ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ದೊಡ್ಡ ಸಂಬಳದ ತಲೆಗಳು ಹೀಗೆಯೇ ಕೆಲಸ ಮಾಡುತ್ತವೆ.

ಆಪರೇಟರುಗಳ ಬುದ್ಧಿವಂತಿಕೆಯನ್ನು ಬರೆಯಹೊರಟರೆ ಪುಸ್ತಕವೇ ಆದೀತು. ತುಮಕೂರಿನಲ್ಲಿ ಒಬ್ಬ ಮಹಾಶಯ ಹೊಸ ಯಂತ್ರ ಬಂದ ಆರು ತಿಂಗಳಿಗೇ ಫಿಲ್ಮು ಸೀಯುತ್ತಿದೆ ಎಂದು ದೂರಿದ. ಹೋಗಿ ನೋಡುತ್ತೇನೆ, ಜಾಲರಿಯೇ ಇಲ್ಲ. ಎಲ್ಲಯ್ಯ ಎಂದರೆ ಸಂಭ್ರಮದಿಂದ ಬೀರುವಿನ ಬೀಗ ತೆಗೆದ. ಆಯುಧಪೂಜೆಯ ಕುಂಕುಮದ ಬಟ್ಟಲಿನ ಪಕ್ಕದಲ್ಲಿ, ಹಳದಿ ವಸ್ತ್ರದಲ್ಲಿ ಸುತ್ತಿದ ಜಾಲರಿ, ಅಂಗಡಿಯಿಂದ ಬಂದ ಹಾಗೇ ಥಳಥಳ ಹೊಳೆಯುತ್ತಿತ್ತು. “ಹಾಕಿದ್ರೆ ಒಂದೇ ವಾರಕ್ಕೆ ಕೊಳೆಯಾಗ್ಬಿಡುತ್ತೆ ಸಾರ್, ಎಷ್ಟು ಚೆನ್ನಾಗಿದೆ ನೋಡಿ” ಎಂದ. ಕುಣಿಗಲ್ಲಿನ ಡೇರೆಯವನು ಇನ್ನೂ ಒಂದು ಹೆಜ್ಜೆ ಮುಂದೆ. ಬ್ಲೋವರಿನ ಕೊಳವೆಯನ್ನೇ ಯಂತ್ರದಿಂದ ಕಿತ್ತು ತನ್ನ ಕತ್ತಿನ ಹಿಂದಕ್ಕೆ ತಿರುಗಿಸಿಕೊಂಡು ಬನಿಯನ್ನಿನಲ್ಲಿ ಸುಖವಾಗಿ ಕೂತಿದ್ದ. ಈ ಊರಿನಲ್ಲಿ ಕುದುರೆ ಸಾಕುವ ಫಾರಮ್ಮಿನ ಕುದುರೆಗಳಿಗಾದರೂ ಬುದ್ಧಿ ಇದೆ, ನಿನಗೆ ಹುಲ್ಲು ಹಾಕಿದರೂ ದಂಡ ಎಂದು ಬೈದು ಬಂದೆ.

ಇಲ್ಲಿ ನನ್ನ ನಾಲಿಗೆಯ ವಿಷಯ ಹೇಳಬೇಕು. ನನಗೆ ನೇರವಾಗಿ ಮಾತಾಡಲು ಬರುತ್ತಿರಲಿಲ್ಲ. ಯಾರಾದರೂ ದಡ್ಡ ಪ್ರಶ್ನೆ ಕೇಳಿದರೆ ಅದಕ್ಕಿಂತ ದಡ್ಡ ಉತ್ತರವನ್ನು ಗಂಭೀರವಾಗಿ ಹೇಳಿ, ಅವರ ಮುಖ ಪೆಚ್ಚಾಗುವುದನ್ನು ನೋಡುವುದರಲ್ಲಿ ನನಗೊಂದು ಖುಷಿ. ಕಡ್ಡಿ ಎಷ್ಟು ಹೊತ್ತು ಉರಿಯುತ್ತದೆ ಸಾರ್ ಎಂದರೆ, ಆರಿಹೋಗುವವರೆಗೆ ಎನ್ನುತ್ತಿದ್ದೆ. ಇದನ್ನು ನಾನು ವಿನೋದ ಎಂದುಕೊಂಡಿದ್ದೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಳು, ಅದನ್ನು ಇಲ್ಲಿ ಬರೆಯುವುದಿಲ್ಲ. “ಊರೂರ ಧೂಳು ಒರೆಸೋಕೆ ಹೋಗ್ತೀರಿ, ನಮ್ಮ ರೇಡಿಯೋ ಮೇಲೆ ಬೆರಳಲ್ಲಿ ಹೆಸರು ಬರೀಬಹುದು” ಎಂದು ಅವಳು ಒಮ್ಮೆ ಅಂದಾಗ, ಹಾಗಾದರೆ ನಿನ್ನ ಹೆಸರೇ ಬರೆ, ಅಕ್ಷರ ಮರೆಯುವುದಿಲ್ಲ ಎಂದಿದ್ದೆ. ಎರಡು ದಿನ ಉಪ್ಪಿಲ್ಲದ ಸಾರು ಉಂಡೆ.

ಗುಬ್ಬಿಯ ಟಾಕೀಸಿನ ಮಾಲೀಕರು ಮಲ್ಲಪ್ಪನವರು. ಕೊಬ್ಬರಿ ವ್ಯಾಪಾರ, ಸ್ವಂತ ಎಣ್ಣೆ ಗಾಣ, ಹಣೆ ತುಂಬ ವಿಭೂತಿ. ಮಠದ ಕೆಲಸಗಳಲ್ಲಿ ಮುಂದಾಳು. ಸಿನಿಮಾ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಮರ್ಯಾದೆ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಅವರ ಆಪರೇಟರು ಗಂಗಣ್ಣ, ನಲವತ್ತು ದಾಟಿದ, ಮಾತು ಕಡಿಮೆಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಟಾಕೀಸಿನ ಹಿಂದುಗಡೆಯ ಎರಡಂಕಣದ ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳೊಂದಿಗೆ ಇದ್ದ. ಆ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸ ಹೋದರೆ ಹೋಗುವಂಥದ್ದು.

ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಮಲ್ಲಪ್ಪನವರಿಂದ ಕಾಗದ ಬಂತು. ಭಾನುವಾರದ ಬೆಳಗಿನ ಆಟದಲ್ಲಿ ಚಿತ್ರ ಕಾಣುತ್ತಿಲ್ಲ, ಕೂಡಲೇ ಬರತಕ್ಕದ್ದು. ನಾನು ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋದೆ. ಯಂತ್ರ ಓಡಿಸಿ ನೋಡಿದೆ. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಜಾಲರಿ ಬಿಚ್ಚಿ ನೋಡಿದೆ. ನನ್ನ ಸರ್ವಿಸಿನಲ್ಲೇ ಅಷ್ಟು ಶುಭ್ರವಾದ, ಅಷ್ಟು ಹದವಾಗಿ ಎಣ್ಣೆ ಸವರಿದ ಜಾಲರಿ ನೋಡಿರಲಿಲ್ಲ. ಕ್ಯಾಬಿನ್ನಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಗಮ್ಮೆನ್ನುತ್ತಿತ್ತು. ಗಂಗಣ್ಣನ ಕಡೆ ನೋಡಿದೆ. ಎಣ್ಣೆ ಹಣೆಯವರೆಗೆ ಇಳಿದಿತ್ತು, ಅನುಮಾನಕ್ಕೆ ಆಸ್ಪದವಿರಲಿಲ್ಲ.

“ಬೆಳಗ್ಗೆ ಮಾತ್ರ ಇಂಗಾಯ್ತದೆ ಸಾ. ಮೊದಲ್ನೇ ಎರಡು ರೀಲು ಪರ್ದೆಗೆ ಮಂಜು ಕವಿದಂಗೆ ಕಾಣ್ತದೆ. ಆಮ್ಯಾಕೆ ತಾನಾಗೇ ಸರಿ ಹೋಯ್ತದೆ” ಎಂದ.

“ಯಂತ್ರಕ್ಕೆ ಬೆಳಗ್ಗೆ ಏಳೋಕೆ ಸೋಮಾರಿತನವೇನೋ, ಕಾಫಿ ಕೊಟ್ಟು ನೋಡು” ಎಂದೆ. ಅವನು ನಗಲಿಲ್ಲ. ಆಗಲಿ ಸಾ ಎಂಬಂತೆ ತಲೆಯಾಡಿಸಿದ. ಈಗ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ಕಾಗದ ಬಂತು, ಇನ್ನೊಮ್ಮೆ ಮಧ್ಯಾಹ್ನದ ಬಸ್ಸಿಗೆ ಹೋದೆ, ಇನ್ನೊಮ್ಮೆ ಯಂತ್ರ ನೆಟ್ಟಗಿತ್ತು. ಈ ಸಲ ಮಲ್ಲಪ್ಪನವರು ನನ್ನನ್ನು ಅಂಗಡಿಗೆ ಕರೆಸಿಕೊಂಡರು. ಹಿಂದಿನ ಭಾನುವಾರ ಕಡಬದಿಂದ ಅವರ ಬೀಗರು ಸಂಸಾರ ಸಮೇತ ಸಿನಿಮಾಕ್ಕೆ ಬಂದಿದ್ದರಂತೆ. ಬೀಗಿತ್ತಿ ಅರ್ಧ ಗಂಟೆ ಕಣ್ಣುಜ್ಜಿಕೊಂಡು, ಕೊನೆಗೆ ತನ್ನ ಕಣ್ಣಿಗೇ ಪೊರೆ ಬಂದಿದೆ ಎಂದು ಹೆದರಿ ಅತ್ತುಬಿಟ್ಟರಂತೆ.

“ನನ್ನ ಮಾನ ಹೋಯ್ತು ಸ್ವಾಮಿ. ಇವನನ್ನ ಇನ್ನು ಇಟ್ಕೊಳ್ಳೋದಿಲ್ಲ” ಎಂದರು ಮಲ್ಲಪ್ಪನವರು. “ಆದ್ರೆ ಮಠದಲ್ಲಿ ಇವನಿಗೆ ಹೇಳೋರು ಕೇಳೋರು ಇದ್ದಾರೆ. ಸುಮ್ನೆ ತೆಗೆದ್ರೆ ನನ್ನನ್ನೇ ಕೇಳ್ತಾರೆ. ನೀವು ತಿಳಿದೋರು, ತಪ್ಪು ಇವನದೇ ಅಂತ ಒಂದು ಸಾಲು ಬರೆದುಕೊಡಿ. ಅಲ್ಲ, ಮಿಷನ್ನಿಗೆ ಅಂತ ತಿಂಗಳಿಗೊಂದು ಸೀಸೆ ಎಣ್ಣೆ ನಮ್ಮ ಗಾಣದಿಂದ ತಗೊಂಡು ಹೋಗ್ತಾನೆ. ಮಿಷನ್ನು ಏನು ತಲೆ ಬಾಚಿ ಜಡೆ ಹಾಕ್ಕೊಳ್ಳುತ್ತಾ?”

ನಾನೂ ನಕ್ಕೆ. ಯಂತ್ರ ಸರಿಯಿದೆ, ಆದರೂ ಚಿತ್ರ ಕೆಡುತ್ತಿದೆ ಎಂದರೆ ನಡುವೆ ಉಳಿದವನು ಆಪರೇಟರೊಬ್ಬನೇ ಎಂದು ನನ್ನ ತರ್ಕ. ಅವರ ಮೇಜಿನ ಮೇಲೆಯೇ ಕಾಗದ ತೆಗೆದುಕೊಂಡು, ದೋಷಕ್ಕೆ ಆಪರೇಟರನ ಅಜಾಗರೂಕತೆಯೇ ಕಾರಣ ಎಂದು ಬರೆದು, ಕೆಳಗೆ ಗೆರೆ ಎಳೆದು ಸಹಿ ಹಾಕಿದೆ. ಅಕ್ಷರ ಮುತ್ತಿನಂತೆ ಬಂದಿತ್ತು ಎಂದು ಆಗ ನನಗೆ ಹೆಮ್ಮೆಯೂ ಆಯಿತು. ಮುಂದಿನ ಭಾನುವಾರದ ಆಟ ನೋಡಿಕೊಂಡು ಸೋಮವಾರ ಅವನ ಲೆಕ್ಕ ತೀರಿಸುವುದೆಂದು ಮಲ್ಲಪ್ಪನವರು ಕಾಗದ ಮಡಿಸಿ ಜೇಬಿಗಿಟ್ಟರು.

ಬಸ್ ನಿಲ್ದಾಣದಲ್ಲಿ ಗಂಗಣ್ಣ ಕಾದು ನಿಂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಅತ್ತು ಕರೆಯಲಿಲ್ಲ, ಕಾಲಿಗೆ ಬೀಳಲಿಲ್ಲ. “ಸಾ, ನೀವು ಬರೋದೆಲ್ಲಾ ಮಧ್ಯಾನ. ರೋಗ ಇರೋದು ಬೆಳಗ್ಗೆ. ಒಂದೇ ಒಂದು ಭಾನ್ವಾರ ಬೆಳಗಿನ ಬಸ್ಸಿಗೆ ಬಂದು ನೋಡಿ. ಆಮ್ಯಾಲೆ ಏನಾರ ಬರ್ಕೊಳಿ” ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅದಕ್ಕೇ ಸಿಟ್ಟು ಬಂತು. ಬರುತ್ತೇನೆ ಎಂದೆ.

ಆ ಭಾನುವಾರ ಹಲ್ಲು ಕಟಕಟ ಎನ್ನುವ ಚಳಿ. ಕಿವಿಗೆ ಮಫ್ಲರು ಸುತ್ತಿ, ಬಸ್ಸಿನ ಒಡೆದ ಕಿಟಕಿಯನ್ನೂ ಗಂಗಣ್ಣನ ವಂಶವನ್ನೂ ಶಪಿಸುತ್ತಾ ಗುಬ್ಬಿಯಲ್ಲಿ ಇಳಿದೆ. ಆಟಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು. ಕ್ಯಾಬಿನ್ನು ಕಲ್ಲು ಕಟ್ಟಡ, ಒಳಗೆ ಹೊರಗಿಗಿಂತ ಹೆಚ್ಚು ಥಂಡಿ. ಯಂತ್ರ ಮುಟ್ಟುವ ಮೊದಲು ಅಭ್ಯಾಸದಂತೆ ಜಾಲರಿಯನ್ನು ಬಿಚ್ಚಿಸಿದೆ. ಗಂಗಣ್ಣ ತೆಗೆದು ನನ್ನ ಕೈಗೆ ಕೊಟ್ಟ. ಜಾಲರಿಯೇ ಕಾಣಲಿಲ್ಲ. ಈ ಅಂಚಿನಿಂದ ಆ ಅಂಚಿಗೆ ಬೆಳ್ಳಗೆ, ಗಟ್ಟಿಯಾಗಿ, ಸಣ್ಣ ಸಣ್ಣ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಬೆಳಕಿಗೆ ಹಿಡಿದರೆ ಒಂದು ಕಿರಣವೂ ತೂರಲಿಲ್ಲ. ಬೆರಳಿಟ್ಟೆ, ಬೆರಳಿನ ಬಿಸಿಗೆ ಕರಗಿತು. ಮೂಗಿಗೆ ಹಿಡಿದೆ. ತೆಂಗಿನೆಣ್ಣೆ. ಅಪ್ಪಟ, ಗಾಣದ, ಮೊದಲ ದರ್ಜೆಯ ತೆಂಗಿನೆಣ್ಣೆ. ಚಳಿಗೆ ಸೀಸೆಯಲ್ಲಿ ಹೆಪ್ಪುಗಟ್ಟುವಂತೆ ಜಾಲರಿಯಲ್ಲೂ ಹೆಪ್ಪುಗಟ್ಟಿತ್ತು. ಪ್ರತಿ ಭಾನುವಾರ ಬೆಳಗ್ಗೆ ಯಂತ್ರ ಉಸಿರು ಕಟ್ಟಿಕೊಂಡು ಓಡುತ್ತಿತ್ತು, ಫಿಲ್ಮು ಬಿಸಿಗೆ ಸೊಟ್ಟಗಾಗುತ್ತಿತ್ತು. ಅರ್ಧ ಗಂಟೆಯಲ್ಲಿ ದೀಪದ ಶಾಖಕ್ಕೆ ಕ್ಯಾಬಿನ್ನು ಬಾಣಂತಿ ಕೋಣೆಯಂತೆ ಬೆಚ್ಚಗಾದ ಮೇಲೆ ಎಣ್ಣೆ ಕರಗಿ, ಗಾಳಿ ಆಡಿ, ಎಲ್ಲ ಸರಿಹೋಗುತ್ತಿತ್ತು. ನಾನು ಮಧ್ಯಾಹ್ನದ ಬಿಸಿಲಲ್ಲಿ ಬಂದು ನೋಡುವ ಹೊತ್ತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ.

ನನ್ನ ಎದೆ ವಿಜಯದಿಂದ ಉಬ್ಬಿತು. ಬರೆದುಕೊಟ್ಟದ್ದು ಸರಿಯೇ ಆಗಿತ್ತಲ್ಲ. ಕ್ಯಾಬಿನ್ನು ಹಾರಿಹೋಗುವ ಹಾಗೆ ಕೂಗಿದೆ. “ಇದಕ್ಕೆ ತೆಂಗಿನೆಣ್ಣೆ ಹಚ್ಚು ಅಂತ ನಿನಗೆ ಹೇಳಿದ ಮುಠ್ಠಾಳ ಯಾರೋ?”

ಗಂಗಣ್ಣ ನೆಲ ನೋಡಿದ.

“ನೀವೇಯಾ ಸಾ.”

“ನಾನಾ? ಯಾವಾಗ?”

“ಬ್ಯಾಸಗೇಲಿ ಬಂದಿದ್ರಲ್ಲ ಸಾ. ಜಾಲರಿಗೆ ಯಾವ ಎಣ್ಣೆ ಸವರ್ಬೇಕು ಅಂತ ಕೇಳ್ದೆ. ಸಾವ್ಕಾರ್ರ ಗಾಣದ ಪಕ್ಕ ಕೂತ್ಕಂಡು ಎಣ್ಣೆ ಯಾವ್ದು ಅಂತ ಕೇಳ್ತೀಯಲ್ಲೋ, ನಿನ್ ತಲೆಗೆ ಹಚ್ಕೊಳ್ಳೋದನ್ನೇ ಅದಕ್ಕೂ ಹಚ್ಚು, ಇಬ್ರಿಗೂ ತಂಪಾಯ್ತದೆ ಅಂದ್ರಿ. ಅವತ್ತಿಂದ ಒಂದು ವಾರಾನೂ ತಪ್ಪಿಸಿಲ್ಲ ಸಾ.”

ಅಂದಿದ್ದೆ. ಒಂದೊಂದು ಅಕ್ಷರವೂ ನನ್ನದೇ. ಅಂದ ಮೇಲೆ ಬಸ್ಸಿನಲ್ಲಿ ನನಗೆ ನಾನೇ ನಕ್ಕಿದ್ದೂ ನೆನಪಾಯಿತು. ಹೊಲಿಗೆ ಯಂತ್ರದ ಎಣ್ಣೆ ಎಂಬ ಮೂರು ಮಾತು ಹೇಳಲು ನನಗೆ ಬೇಸರವಾಗಿತ್ತು, ಅಣಕಕ್ಕೆ ಮಾತ್ರ ಎಷ್ಟು ಬೇಕಾದರೂ ಉಸಿರಿತ್ತು. ಅದನ್ನು ಆಜ್ಞೆ ಎಂದು ತಿಳಿದು ಆತ ಏಳು ತಿಂಗಳು ನೇಮದಿಂದ ಪಾಲಿಸಿದ್ದ. ಹದಿನೈದು ವರ್ಷದಲ್ಲಿ ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ ಒಬ್ಬನೇ ಒಬ್ಬ ಆಪರೇಟರು, ಅವನ ಮನೆಯನ್ನೇ ನಾನು ಮುತ್ತಿನಂಥ ಅಕ್ಷರದಲ್ಲಿ ಕಿತ್ತುಹಾಕಿ ಬಂದಿದ್ದೆ. ನಾಚಿಕೆಯಾಯಿತು. ಅಂಗಿ ಕಳಚಿ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ನಾನೇ ತೊಳೆದೆ. ಒಣಗಿಸಿ, ಎಣ್ಣೆ ಸವರದೆ ಹಾಗೇ ಕೂರಿಸಿದೆ. ಬೆಳಗಿನ ಆಟ ಮೊದಲ ರೀಲಿನಿಂದ ಕೊನೆಯ ರೀಲಿನವರೆಗೆ ಕೊಳದ ನೀರಿನಂತೆ ತಿಳಿಯಾಗಿ ಓಡಿತು.

ಆಟ ಬಿಟ್ಟ ಮೇಲೆ ಮಲ್ಲಪ್ಪನವರು ಮುಖವರಳಿಸಿಕೊಂಡು ಬಂದರು. ಜೊತೆಗೆ ಕಡಬದ ಬೀಗರೂ ಇದ್ದರು. “ನೋಡಿದ್ರಾ, ಇವರು ಬಂದು ಕೂತ ಕೂಡ್ಲೆ ಸರಿಹೋಯ್ತು. ದೋಷ ಇದ್ದದ್ದೇ ಅವನ ಕೈಯಲ್ಲಿ! ಇರಿ ಸ್ವಾಮಿ, ಕಾಫಿ ತರಿಸ್ತೀನಿ.”

“ಇಲ್ಲ ಮಲ್ಲಪ್ಪನವರೇ, ತಪ್ಪು ನನ್ನದು. ಅದಕ್ಕೆ ತೆಂಗಿನೆಣ್ಣೆ ಹಚ್ಚು ಅಂತ ನಾನೇ ಹೇಳಿದ್ದೆ” ಎಂದೆ.

ಮಲ್ಲಪ್ಪನವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. “ಇವರ ಕುಚೋದ್ಯ ನೋಡಿ ಬೀಗರೇ! ಮುಖ ಹೆಂಗಿಟ್ಕೊಂಡು ಹೇಳ್ತಾರೆ ನೋಡಿ! ಮಿಷನ್ನಿಗೆ ತೆಂಗಿನೆಣ್ಣೆಯಂತೆ!”

“ತಮಾಷೆಯಲ್ಲ, ನಿಜ ಹೇಳ್ತಿದ್ದೀನಿ.”

“ಹೇಳಿ, ಹೇಳಿ! ಸೀಗೆಪುಡೀನೂ ಹಾಕಿ ತೊಳೆಯೋಕೆ ಹೇಳಿದ್ರೇನು?” ಬೀಗರೂ ನಕ್ಕರು. ಬೀಗಿತ್ತಿ ಸೆರಗು ಬಾಯಿಗೆ ಅಡ್ಡ ಹಿಡಿದರು. ನಾನು ಹೆಚ್ಚು ಗಂಭೀರನಾದಷ್ಟೂ ಅವರ ನಗು ಹೆಚ್ಚಾಯಿತು. ಬದುಕಿನಲ್ಲಿ ಮೊದಲ ಸಲ ನೆಟ್ಟಗೆ ಒಂದು ಮಾತು ಆಡಿದ್ದೆ, ನಂಬುವವರು ಅಲ್ಲಿ ಒಬ್ಬರೂ ಇರಲಿಲ್ಲ. ಗಂಗಣ್ಣ ಮಾತ್ರ ಬಾಗಿಲ ಬಳಿ ನಗದೆ ನಿಂತಿದ್ದ.

ಬೇರೆ ದಾರಿ ಕಾಣಲಿಲ್ಲ. ಜೇಬಿನಲ್ಲಿರುವ ಆ ಕಾಗದ ಕೊಡಿ ಎಂದೆ. ನಗುತ್ತಲೇ ಕೊಟ್ಟರು. ಬರೆದಿದ್ದ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ, ಜಾಲರಿಗೆ ತೆಂಗಿನೆಣ್ಣೆ ಹಚ್ಚುವಂತೆ ತಪ್ಪಾಗಿ ಹೇಳಿದವನು ನಾನು, ಆಪರೇಟರ್ ಗಂಗಣ್ಣನದು ಏನೇನೂ ತಪ್ಪಿಲ್ಲ ಎಂದು ಬರೆದು, ಸಹಿ ಹಾಕಿ, ಕಂಪನಿಯ ಮೊಹರನ್ನೂ ಒತ್ತಿದೆ. ಮಲ್ಲಪ್ಪನವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ನಗು ನಿಂತಿತು. ಮೊಹರಿನ ಮೇಲೆ ಬೆರಳಾಡಿಸಿ, “ಬರವಣಿಗೇಲಿ ಇದೆಯಲ್ಲ ಸ್ವಾಮಿ” ಎಂದು ಮೆಲ್ಲಗೆ ಅಂದರು. ನನ್ನ ಕಡೆ ಅವರು ಆಮೇಲೆ ನೋಡಿದ ನೋಟ ಬೇರೆಯಾಗಿತ್ತು. ಕಾಫಿ ತರಿಸುತ್ತೇನೆ ಎಂದಿದ್ದವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಗಂಗಣ್ಣನಿಗೆ, “ಹೋಗಯ್ಯ, ಮ್ಯಾಟಿನಿಗೆ ರೀಲು ಸುತ್ತು ಹೋಗು” ಎಂದರು. ಸೋಮವಾರದ ವಿಷಯ ಅಲ್ಲಿಗೆ ಮುಗಿಯಿತು.

ಹೊರಡುವ ಮೊದಲು ಕ್ಯಾಬಿನ್ನಿಗೆ ಹೋದೆ. ಕ್ಷಮಿಸು ಎನ್ನಬೇಕೆಂದಿದ್ದೆ, ನಾಲಿಗೆಗೆ ಆ ಅಭ್ಯಾಸವಿರಲಿಲ್ಲ. ಅದರ ಬದಲು, ಇನ್ನು ಮೇಲೆ ಹೊಲಿಗೆ ಯಂತ್ರದ ಎಣ್ಣೆ ಸವರು ಗಂಗಣ್ಣ, ಬಟ್ಟೆಯಲ್ಲಿ ಅದ್ದಿ, ತೆಳುವಾಗಿ ಎಂದೆ. ಅವನು ನನ್ನ ಮುಖವನ್ನೇ ದಿಟ್ಟಿಸಿ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು.

“ಇದು ಯೋಳಿದ್ದಾ ಸಾ, ಇಲ್ಲಾ ಬೈದಿದ್ದಾ?”

“ಹೇಳಿದ್ದು ಕಣಯ್ಯ.”

ಅವನು ಗೋಡೆಗೆ ತೂಗುಹಾಕಿದ್ದ, ರೀಲುಗಳ ಲೆಕ್ಕ ಬರೆಯುವ ಪುಸ್ತಕ ಬಿಚ್ಚಿ, ಕಿವಿಯ ಮೇಲಿದ್ದ ಪೆನ್ಸಿಲನ್ನು ನನ್ನ ಕೈಗಿತ್ತ. ಹೊಲಿಗೆ ಯಂತ್ರದ ಎಣ್ಣೆ ಎಂದು ಬರೆದು ಹಿಂದಕ್ಕೆ ಕೊಟ್ಟೆ. ಅವನು ತುಟಿಯಾಡಿಸುತ್ತಾ ಓದಿ, ಪುಸ್ತಕವನ್ನು ಮತ್ತೆ ನನ್ನ ಮುಂದೆ ಹಿಡಿದ.

“ಈಗ ಅಂದ್ರಲ್ಲ, ಅದನ್ನೂ ಬರ್ದ್ಬುಡಿ ಸಾ.”

ಬರೆದೆ. ‘ಇದು ಬೈದದ್ದಲ್ಲ, ಹೇಳಿದ್ದು.’ ಕೆಳಗೆ ಗೆರೆ ಎಳೆದು ಸಹಿ ಹಾಕಿದೆ.